ಅವ್ವ ಬಿಗಿದು ಕಟ್ಟಿದ ಬಟ್ಟೆ

ನಾನು ಕೂತೇ ನಿದ್ದೆ ಮಾಡುತ್ತೇನೆ. ಗೋಡೆಗೆ ಎರಡು ತಲೆದಿಂಬು, ಅದರ ಮೇಲೊಂದು ಮಡಚಿದ ಕೌದಿ, ಅದಕ್ಕೆ ಬೆನ್ನು. ಅಂಗಾತ ಮಲಗಿದರೆ ಎದೆಯ ಮೇಲೆ ಚಪ್ಪಡಿ ಇಟ್ಟ ಹಾಗಾಗುತ್ತದೆ, ಎದ್ದು ಕೂರಲೇಬೇಕು. ಹೃದಯದ ಆಪರೇಷನ್ ಆದ ಮೇಲೆ ಹೀಗಾಯಿತು. ಹೃದಯ ಈಗ ಚೆನ್ನಾಗಿದೆ. ಉಸಿರೆಳೆಯುವ ಸ್ನಾಯು ಒಂದು ಕಡೆ ಕೆಲಸ ನಿಲ್ಲಿಸಿದೆ.

ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಚಂದ ಮಾಡಿ ಬರೆಯಲು ಬರುವುದಿಲ್ಲ, ಬಂದರೂ ಬರೆಯುತ್ತಿರಲಿಲ್ಲ. ಆದರೆ ಇಂಥದ್ದು ಆದವರು ನನಗೆ ಒಬ್ಬರೂ ಸಿಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಎಲ್ಲರೂ ವಾಸಿಯಾಗಿ ಹೋಗುತ್ತಿದ್ದಾರೆ, ನನಗೊಬ್ಬನಿಗೇ ಏನೋ ಆಗಿದೆ ಅಂತ ಹೆದರಿದವರು ಯಾರಾದರೂ ಇದ್ದರೆ ಓದಲಿ. ಅವ್ವನನ್ನು ಬಿಟ್ಟು ಇದನ್ನು ಹೇಳಲು ಆಗುವುದಿಲ್ಲ. ಅದಕ್ಕೇ ಅವಳ ವಿಷಯವೂ ಬರುತ್ತದೆ.

ನಮ್ಮದು ಕೊಟ್ಟೂರು. ನನ್ನ ಹೆಸರು ಕೊಟ್ರೇಶ. ನಮ್ಮೂರಲ್ಲಿ ಕಲ್ಲು ಒಗೆದರೆ ಯಾವನಾದರೊಬ್ಬ ಕೊಟ್ರೇಶನಿಗೆ ಬೀಳುತ್ತದೆ. ಅಪ್ಪ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡ. ಅಕ್ಕ ನೀಲವ್ವನನ್ನು ಅರಸೀಕೆರೆಗೆ ಕೊಟ್ಟಿದೆ. ಮನೆಯಲ್ಲಿ ನಾನು, ಅವ್ವ. ನಾನು ಇಮಾಮಣ್ಣನ ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಕೆಲಸಕ್ಕಿದ್ದೆ.

ಅವ್ವ ಬಾಣಂತಿಯರ ಮನೆಗಳಿಗೆ ಹೋಗುವವಳು. ತಾಯಿಗೆ, ಕೂಸಿಗೆ ನೀರು ಹಾಕುವುದು, ಲೋಬಾನದ ಹೊಗೆ ಕೊಡುವುದು, ಹಳೆಯ ನೂಲಿನ ಸೀರೆ ಉದ್ದಕ್ಕೆ ಹರಿದು ಬಾಣಂತಿಯ ಹೊಟ್ಟೆ ಬಿಗಿಯಾಗಿ ಕಟ್ಟುವುದು, ಇದು ಅವಳ ಕೆಲಸ. ಹೊಟ್ಟೆ ಕಟ್ಟುವುದರಲ್ಲಿ ಅವಳ ಕೈಗೆ ಹೆಸರಿತ್ತು. ಬಸಮ್ಮ ಕಟ್ಟಿದರೆ ಹೆತ್ತ ಹೊಟ್ಟೆ ಅಂತ ಗೊತ್ತೇ ಆಗುವುದಿಲ್ಲ ಅನ್ನುತ್ತಿದ್ದರು. ಕೂಡ್ಲಿಗಿಯಿಂದಲೂ ಕರೆಯಲು ಬರುತ್ತಿದ್ದರು.

ಕಬ್ಬಿಣದ ಚಾನೆಲ್ ಎತ್ತುವಾಗ ನನಗೆ ದಮ್ಮು ಹತ್ತಲು ಶುರುವಾಯಿತು. ಮೊದಮೊದಲು ಬೀಡಿ ಅಂದರು. ನಾನು ಬೀಡಿ ಸೇದುವುದಿಲ್ಲ. ಆಮೇಲೆ ವೆಲ್ಡಿಂಗ್ ಹೊಗೆ ಅಂದರು. ಹಗರಿಬೊಮ್ಮನಹಳ್ಳಿಯ ಡಾಕ್ಟರು ಎದೆಯ ಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಬಹಳ ಹೊತ್ತು ಕೇಳಿದರೆ ಒಳ್ಳೆಯದಲ್ಲ ಅಂತ ನನಗೆ ಆಗಲೇ ಅನ್ನಿಸಿತು. ಸಣ್ಣವನಿದ್ದಾಗ ಕೀಲು ಬಾತು ಜ್ವರ ಬಂದಿತ್ತೇ ಅಂತ ಕೇಳಿದರು. ಬಂದಿತ್ತು. ಆ ಜ್ವರ ಹೃದಯದ ವಾಲ್ವ್ ತಿಂದುಹಾಕಿತ್ತು. ಆಪರೇಷನ್ ಮಾಡಿ ಬೇರೆ ಹಾಕಬೇಕು ಅಂದರು.

ಇಮಾಮಣ್ಣನಿಗೆ ಹೇಳಿದೆ. ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ವಾಲ್ವ್ ಹೋದ್ರ ವಾಲ್ವ್ ಬದ್ಲಿ ಮಾಡ್ತಾರ, ಅಷ್ಟ. ಗಾಡಿ ಗುಜರಿಗೆ ಹಾಕ್ತಾರೇನಲೇ?" ಅಂದ. ಆಮೇಲೆ ಆ ಕಡೆ ಮುಖ ಮಾಡಿಕೊಂಡು ಬಹಳ ಹೊತ್ತು ಏನನ್ನೋ ಹುಡುಕಿದ. ಅಲ್ಲಿ ಹುಡುಕುವಂಥದ್ದು ಏನೂ ಇರಲಿಲ್ಲ.

ಆಪರೇಷನ್ ಆದದ್ದು ಹುಬ್ಬಳ್ಳಿಯಲ್ಲಿ. ಎಚ್ಚರವಾದಾಗ ಬಾಯಲ್ಲಿ ಕೊಳವೆ ಇತ್ತು. ಅದನ್ನು ತೆಗೆದ ಮೇಲೆ ಎಲ್ಲರಿಗೂ ತಾನಾಗಿ ಉಸಿರು ಬರುತ್ತದಂತೆ. ನನಗೆ ಬರಲಿಲ್ಲ. ನೀರಿಲ್ಲದೆ ಮುಳುಗಿದ ಹಾಗಾಯಿತು. ಮತ್ತೆ ಹಾಕಿದರು. ಮತ್ತೆ ತೆಗೆದರು. ಮತ್ತೆ ಹಾಕಿದರು. ಪಕ್ಕದ ಹಾಸಿಗೆಯ ಮುದುಕರೊಬ್ಬರು ನನ್ನ ನಂತರ ಬಂದು ನನಗಿಂತ ಮೊದಲು ವಾರ್ಡಿಗೆ ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ಅವರ ತಪ್ಪಲ್ಲ. ಅವರ ಜಾಗದಲ್ಲಿದ್ದರೆ ನಾನೂ ನೋಡುತ್ತಿರಲಿಲ್ಲ.

ಕೊಳವೆ ಇದ್ದಾಗ ಮಾತು ಬರುವುದಿಲ್ಲ. ಒಬ್ಬ ನರ್ಸ್ ಸ್ಟೀಲಿನ ಚಮಚ ಕೈಗೆ ಕೊಟ್ಟಳು.

"ಏನರ ಬೇಕಂದ್ರ ಮಂಚದ ಕಂಬಿಗೆ ಬಡೀರಿ. ನಾ ಇಲ್ಲೇ ಅದೀನಿ" ಅಂದಳು.

ಬಡಿದರೆ ಬರುತ್ತಿದ್ದಳು, ಒಂದು ಸಲವೂ ಸಿಡುಕಲಿಲ್ಲ. ಏನೂ ಬೇಡದಿದ್ದರೂ ನಾನು ಬಡಿಯುತ್ತಿದ್ದೆ. ಯಾರಾದರೂ ಬರುತ್ತಾರೋ ಇಲ್ಲವೋ ನೋಡಬೇಕಿತ್ತು. ಅವಳಿಗೆ ಅದು ಗೊತ್ತಿತ್ತು ಅಂತ ಕಾಣುತ್ತದೆ. ಬಂದು, ಹೊದಿಕೆ ಸರಿಮಾಡಿದ ಹಾಗೆ ಮಾಡಿ ಹೋಗುತ್ತಿದ್ದಳು.

ಹೊರಗೆ ಅವ್ವ ಮತ್ತು ಅಕ್ಕ ನೆಲದ ಮೇಲೆ ಚಾದರ ಹಾಸಿಕೊಂಡು ಕೂತಿದ್ದರು. ಅಕ್ಕ ಆಗ ಬಸುರಿ. ವಾಚ್‌ಮನ್ ಬಂದು ಎಬ್ಬಿಸಿದರೆ ಎದ್ದು, ಅವನು ಆ ಕಡೆ ಹೋದ ಮೇಲೆ ಮತ್ತೆ ಕೂರುವುದು. ಹಿರೇಹಡಗಲಿಯ ಒಬ್ಬ ಹೆಂಗಸೂ ಗಂಡನನ್ನು ಆಸ್ಪತ್ರೆಗೆ ಸೇರಿಸಿ ಅಲ್ಲೇ ಕೂತಿದ್ದಳಂತೆ. ಅವ್ವನ ರೊಟ್ಟಿ, ಅವಳ ಶೇಂಗಾಪುಡಿ, ಹಂಚಿಕೊಂಡು ತಿನ್ನುತ್ತಿದ್ದರು. ಒಂದು ದಿನ ಆ ಹೆಂಗಸಿನ ಚೀಲ ಇತ್ತು, ಅವಳಿರಲಿಲ್ಲ. ಆಮೇಲೆ ಯಾರೋ ಬಂದು ಚೀಲವನ್ನೂ ಒಯ್ದರಂತೆ. ಅವ್ವ ಇದನ್ನು ನನಗೆ ಹೇಳಲಿಲ್ಲ. ಅಕ್ಕ ಹೇಳಿದಳು.

ಕೊಳವೆ ತೆಗೆದು ವಾರ್ಡಿಗೆ ತಂದ ಮೇಲೆ ದೊಡ್ಡ ಡಾಕ್ಟರು ಅವ್ವನ ಎದುರೇ ವಿಷಯ ಹೇಳಿದರು.

"ನೋಡಮ್ಮಾ, ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇರುತ್ತೆ. ಉಸಿರೆಳೆಯೋದು ಅದೇ. ಅದರ ನರಕ್ಕೆ ಪೆಟ್ಟಾಗಿದೆ. ಎಡಗಡೆ ಸಡಿಲಾಗಿ ಮೇಲಕ್ಕೆ ಏರಿದೆ. ಕೆಲವರಿಗೆ ಹೀಗಾಗುತ್ತೆ. ವರ್ಷದೊಳಗೆ ಸರಿಹೋಗಬಹುದು, ಕಾಯಬೇಕು."

"ಸಡ್ಲ ಆಗೇತೇನ್ರಿ?" ಅಂದಳು ಅವ್ವ.

"ಹೂಂ."

"ಅಷ್ಟ ಏನ್ರಿ?"

ಡಾಕ್ಟರು ಮುಂದಿನ ಮಂಚಕ್ಕೆ ಹೋದರು. ಅವ್ವನ ಮುಖದಲ್ಲಿ ಅಷ್ಟು ದಿನದಲ್ಲಿ ಮೊದಲ ಸಲ ಗೆಲುವು ಕಂಡಿತು. ನನಗೆ ಆಗ ಅರ್ಥವಾಗಲಿಲ್ಲ. ಹೃದಯ, ವಾಲ್ವ್, ನರ ಇವೆಲ್ಲ ಅವಳಿಗೆ ತಿಳಿಯದ ವಿಷಯ. ಸಡಿಲಾದದ್ದು ಅವಳಿಗೆ ಗೊತ್ತಿತ್ತು. ಸಡಿಲಾದ ಹೊಟ್ಟೆಗಳನ್ನು ಅವಳು ಜೀವಮಾನವಿಡೀ ನೋಡಿದ್ದಳು. ಅದಕ್ಕೆ ಏನು ಮಾಡಬೇಕು ಅನ್ನುವುದನ್ನು ಯಾರೂ ಅವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ಕೆಮ್ಮು ಬಂದರೆ ಎದೆಗೆ ಅವುಚಿಕೊಳ್ಳಲು ಒಂದು ಸಣ್ಣ ದಿಂಬು, ಉಸಿರೆಳೆದು ಒಳಗಿನ ಗುಂಡು ಏರಿಸುವ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮನೆಗೆ ಬಂದ ದಿನವೇ ಅವ್ವ ಡಬ್ಬಿಯನ್ನು ಗೋಡೆಯ ಮಾಡದೊಳಗೆ ಎತ್ತಿಟ್ಟಳು.

"ಹಸಿ ಮೈಯಾಗ ದಮ್ಮು ಕಟ್ಟಿ ಎಳೀಬಾರ್ದು. ಗಾಳಿ ಹೊಕ್ಕಂತೈತಿ" ಅಂದಳು.

ಒಳಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದಳು. ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಸುತ್ತಿದಳು. ಬೆಳಿಗ್ಗೆ ಸಂಜೆ ಮಂಚದ ಕೆಳಗೆ ಕೆಂಡ ಇಟ್ಟು ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಹಾಕಿದಳು. ಆಮೇಲೆ ಹಳೆಯ ನೂಲಿನ ಸೀರೆ ಹರಿದಳು. ಎದೆಯ ಹೊಲಿಗೆಯ ಕೆಳಗಿನಿಂದ ಹಿಡಿದು ಹೊಕ್ಕುಳಿನ ಕೆಳಗಿನ ತನಕ ಸುತ್ತು ಹಾಕಿ, ಮೊಣಕಾಲು ಮಂಚಕ್ಕೆ ಒತ್ತಿಕೊಟ್ಟು ಎಳೆದು ಗಂಟು ಹಾಕಿದಳು.

ಇಮಾಮಣ್ಣ ನೋಡಲು ಬಂದವನು ಬಾಗಿಲಲ್ಲೇ ನಿಂತ.

"ಏನಲೇ ಕೊಟ್ರ್ಯಾ! ಗಂಡೋ, ಹೆಣ್ಣೋ?"

"ನಗಸಬ್ಯಾಡ ಅಣ್ಣಾ, ಎದಿ ಹೊಲಿಗಿ ನೋಯ್ತಾವ."

"ಅಲ್ಲ, ಕೂಸು ಎಲ್ಲೈತಿ ತೋರ್ಸು. ಬರೇ ಕೈಲೆ ಬಂದೀನಿ, ಅದರ ತಲಿಗೆ ಕುಲಾಯಿ ತರಬೇಕಿತ್ತು."

"ಹೋಗೋ ಇಮಾಮಾ, ಅವ್ನ ಪಾಡು ಅವ್ನಿಗೆ" ಅಂತ ಅವ್ವ ಬೈದಳು. ಆದರೆ ಅವಳೂ ನಗುತ್ತಿದ್ದಳು. ಆ ದಿನಗಳಲ್ಲಿ ಅವಳು ಖುಷಿಯಾಗಿದ್ದಳು. ಮಗನನ್ನು ತನ್ನ ಕೈಯಿಂದ ವಾಸಿಮಾಡುತ್ತಿದ್ದೇನೆ ಅಂದುಕೊಂಡಿದ್ದಳು.

ನಿಜ ಹೇಳಬೇಕೆಂದರೆ ನನಗೂ ಹಿತವಾಗಿತ್ತು. ಆಸ್ಪತ್ರೆಯಲ್ಲಿ ಮೈಯೆಲ್ಲ ಬಿಚ್ಚಿಹೋದ ಹಾಗೆ ಇತ್ತು. ಆ ಬಿಗಿಯಲ್ಲಿ ಮೈ ಒಂದಾಗಿ ನಿಂತ ಹಾಗಾಯಿತು. ಹೊಲಿಗೆ ಎಳೆಯುತ್ತಿರಲಿಲ್ಲ. ಉಸಿರು ಮೇಲೆ ಮೇಲೆಯೇ ಆಡುತ್ತಿತ್ತು. ಆಪರೇಷನ್ ಆದವರಿಗೆ ಹೀಗೇ ಇರಬಹುದು ಅಂದುಕೊಂಡೆ. ಹೋಲಿಸಿ ನೋಡಲು ಇನ್ನೊಬ್ಬ ಇರಲಿಲ್ಲವಲ್ಲ.

ಆಮೇಲೆ ಬೆಳಿಗ್ಗೆ ತಲೆ ಸಿಡಿಯತೊಡಗಿತು. ಹಗಲೆಲ್ಲ ಮಂಪರು. ಊಟದ ತಟ್ಟೆಯ ಮುಂದೆಯೇ ಕಣ್ಣು ಮುಚ್ಚುತ್ತಿತ್ತು. ನಿದ್ದೆ ಬಂದರೆ ಗುಣ ಆಗುತ್ತದೆ ಅಂದಳು ಅವ್ವ. ಜ್ವರ ಬಂತು. ಹಸಿ ಮೈಗೆ ಥಂಡಿ ಹೊಕ್ಕಿದೆ ಅಂತ ಬಟ್ಟೆ ಇನ್ನೊಂದಿಷ್ಟು ಬಿಗಿದಳು.

ಅಕ್ಕ ಹೆರಿಗೆಗೆ ಅಂತ ತವರಿಗೆ ಬಂದಳು. ಚೀಲ ಕೆಳಗಿಡದೆ ನನ್ನ ಮುಖ ನೋಡಿದಳು.

"ಅವ್ವಾ, ಇವ್ನ ತುಟಿ ಯಾಕ ಹಿಂಗ? ನೇರಳೆಹಣ್ಣು ತಿಂದಂಗ ಆಗ್ಯಾವಲ್ಲ?"

"ಹೊಗಿ ಬಡದೈತಿ, ಅಷ್ಟ."

"ಹೊಗಿ ಬಡದ್ರ ಉಗುರೂ ನೀಲಿ ಆಕ್ಕಾವೇನು? ಲೇ ಕೊಟ್ರಾ, ಕಣ್ಣು ತಗಿ. ಲೇ!"

ಕಣ್ಣು ತೆಗೆಯಬೇಕು ಅಂತ ನನಗೆ ಗೊತ್ತಾಗುತ್ತಿತ್ತು. ತೆಗೆಯಲು ಆಗುತ್ತಿರಲಿಲ್ಲ. ಇಮಾಮಣ್ಣ ಕಾರು ತಂದ. ಹರಪನಹಳ್ಳಿಯಲ್ಲಿ ಎದೆಯ ಡಾಕ್ಟರು ಒಬ್ಬರಿದ್ದರು, ಅಲ್ಲಿಗೆ ಒಯ್ದರು. ಕಿಟಕಿ ಗಾಜು ಇಳಿಸಿದ್ದರು. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಒಳಗೆ ಮಾತ್ರ ಹೋಗುತ್ತಿರಲಿಲ್ಲ.

ಡಾಕ್ಟರು ಅಂಗಿ ಎತ್ತಿದರು.

"ಯಾರ್ರೀ ಇದನ್ನ ಕಟ್ಟಿದ್ದು?"

ನಾನೇ ಹೇಗೋ ದಮ್ಮು ಹಿಡಿದು, "ಆಸ್ಪತ್ರ್ಯಾಗ ಕಟ್ಟಿ ಕಳ್ಸ್ಯಾರ್ರಿ" ಅಂದೆ.

"ಆಸ್ಪತ್ರೇಲಿ ಹೂವಿನ ಬಾರ್ಡರ್ ಇರೋ ಬಟ್ಟೆ ಕಟ್ಟಿದ್ರಾ?"

"ನಾನ ಕಟ್ಟೀನ್ರಿ" ಅಂದಳು ಅವ್ವ ಹಿಂದಿನಿಂದ.

ನರ್ಸ್ ಕತ್ತರಿ ತಂದಳು. ಕತ್ತರಿಸಬೇಡಿ ಅಂತ ಅವ್ವ ಮುಂದೆ ಬಂದು ತಾನೇ ಬಿಚ್ಚತೊಡಗಿದಳು. ಗಂಟು ಬಿಚ್ಚಲು ಅವಳಿಗೆ ಎಂದೂ ಹೊತ್ತು ಬೇಕಾಗುತ್ತಿರಲಿಲ್ಲ. ಅವತ್ತು ಉಗುರಿಂದ ಎಷ್ಟು ಕೆದಕಿದರೂ ಆಗಲಿಲ್ಲ. ಕೊನೆಗೆ ಕತ್ತರಿಸಿಯೇ ತೆಗೆದರು. ಬಟ್ಟೆ ಸುತ್ತು ಸುತ್ತಾಗಿ ನೆಲಕ್ಕೆ ಬಿತ್ತು. ಚರ್ಮದ ಮೇಲೆ ಅದರ ನೆರಿಗೆ ಕೆಂಪಗೆ ಮೂಡಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮೆಲ್ಲಗೆ ಹೇಳಿದರು.

"ಅಮ್ಮಾ, ಇವನಿಗೆ ಉಸಿರಾಡೋಕೆ ಉಳಿದಿರೋದೇ ಅರ್ಧ. ಆ ಅರ್ಧಾನೂ ಕಟ್ಟಿಹಾಕಿದ್ದೀರಿ. ಕಫ ಕೆಳಗೆ ನಿಂತು ಶ್ವಾಸಕೋಶ ಮುದುಡಿದೆ. ಬಾಣಂತಿಗೂ ಇಷ್ಟು ಬಿಗಿಯಾಗಿ ಕಟ್ಟಬಾರ್ದು."

ಅವ್ವ ನೆಲದ ಮೇಲಿನ ಬಟ್ಟೆ ನೋಡುತ್ತಿದ್ದಳು.

"ಹಂಗಾರ, ನಾ ಕಟ್ಟಿದ ಹೆಣ್ಮಕ್ಕಳು?" ಅಂದಳು.

ನನ್ನನ್ನು ಒಳಗೆ ತಳ್ಳಿಕೊಂಡು ಹೋದರು.

ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಹಾಕಿದರು. ಅದಕ್ಕೊಂದು ಮಷಿನ್, ಅದು ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ಮೊದಲು ಕಿತ್ತು ಒಗೆಯಬೇಕು ಅನ್ನಿಸುತ್ತದೆ. ಕೀಳಬೇಡಿ. ಅದು ನೂಕಿದಾಗ ತೆಗೆದುಕೊಳ್ಳಿ, ಬಿಟ್ಟಾಗ ಬಿಡಿ, ಜಗಳ ಆಡಬೇಡಿ. ಇಷ್ಟು ಕಲಿಯಲು ನನಗೆ ಬಹಳ ಕಷ್ಟವಾಯಿತು. ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿತ್ತು, ಅದಕ್ಕೆ ಹೇಳುತ್ತಿದ್ದೇನೆ.

ಜ್ವರ ಇಳಿದ ಮೇಲೆ ಉಸಿರಾಟ ಕಲಿಸಲು ಹಡಗಲಿ ಕಡೆಯ ಒಬ್ಬ ಹುಡುಗಿ ಬಂದಳು. ಫಿಸಿಯೋ ಅನ್ನುತ್ತಾರೆ. ನನಗಿಂತ ಸಣ್ಣವಳು, ಆದರೆ ಹೆಡ್‌ಮಾಸ್ತರರ ಗತ್ತು. ಮನೆಯವರು ಯಾರಾದರೂ ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಮೇಲೆ ಕೈ ಇಡಬೇಕು. ನಾನು ಉಸಿರೆಳೆದು ಆ ಕೈಯನ್ನು ಮೇಲೆತ್ತಬೇಕು. ಕೈ ಇದ್ದರೆ ಸ್ನಾಯುವಿಗೆ ದಾರಿ ಸಿಗುತ್ತದೆ ಅಂದಳು.

"ಬರ್ರಿ ಅಮ್ಮಾ, ಇಲ್ಲಿ ಕೈ ಇಡ್ರಿ. ಒತ್ತಬ್ಯಾಡ್ರಿ, ಸುಮ್ನ ಇಡ್ರಿ."

ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ನಾ ಒಲ್ಲೆವ್ವ. ಬ್ಯಾರೆ ಯಾರರ ಇಡ್ಲಿ."

"ನೀವು ತಾಯಿ ಅಲ್ಲೇನ್ರಿ?"

"ಅದಕ್ಕ ಒಲ್ಲೆ ಅನ್ನೋದು."

ಅಕ್ಕ ತುಂಬಿದ ಬಸುರಿ ಹೊಟ್ಟೆ ಹೊತ್ತುಕೊಂಡು ಬಂದು ಪಕ್ಕದಲ್ಲಿ ಕೂತಳು. "ಎಳಿಯಲೇ. ನನ್ನ ಕೂಸು ನಿನಗಿಂತ ಜೋರಾಗಿ ಒದೀತೈತಿ, ನಾಚ್ಕಿ ಬರಂಗಿಲ್ಲೇನು?" ಅಂತ ಹೇಳಿ ಹೇಳಿ ಎಳೆಸಿದಳು. ಮನೆಗೆ ಹೋದ ಮೇಲೂ ದಿನವೂ ಅವಳೇ ಮಾಡಿಸಿದಳು. ಅವ್ವ ಆ ಹೊತ್ತಿಗೆ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಅವ್ವ ನನ್ನನ್ನು ಮುಟ್ಟುವುದನ್ನೇ ಬಿಟ್ಟಳು. ಮಾತ್ರೆಯನ್ನು ತಟ್ಟೆಯಲ್ಲಿಟ್ಟು ದೂಡುತ್ತಿದ್ದಳು. ನಾನು ಎಡವಿದರೆ ಹಿಡಿಯಲು ಬಂದ ಕೈಯನ್ನು ಅರ್ಧಕ್ಕೇ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬಾಣಂತಿಯರ ಮನೆಯವರು ಕರೆಯಲು ಬಂದರೆ ಕೈ ನೋವು ಅನ್ನುತ್ತಿದ್ದಳು. ಬಂದವರು ಹೋದ ಮೇಲೆ, ತಾನು ಹಿಂದೆ ಕಟ್ಟಿದ ಯಾರೋ ಒಬ್ಬಳ ಹೆಸರು ಹೇಳಿ, "ಆಕಿ ಆವಾಗ ದಮ್ಮು ಬರ್ತೈತಿ ಅಂತಿದ್ಲು. ಸುಮ್ನಿರು, ಬಿಗಿ ಇರಬೇಕು ಅಂತ ನಾನ ಬೈದಿದ್ದೆ" ಅನ್ನುತ್ತಿದ್ದಳು. ನನಗೆ ಹೇಳುತ್ತಿರಲಿಲ್ಲ, ಗೋಡೆಗೆ ಹೇಳುತ್ತಿದ್ದಳು.

ಅಕ್ಕನಿಗೆ ಹೆಣ್ಣು ಕೂಸು ಹುಟ್ಟಿತು. ಇಡೀ ಕೊಟ್ಟೂರಿನ ಕೂಸುಗಳಿಗೆ ನೀರು ಹಾಕಿದವಳು ತನ್ನ ಮೊಮ್ಮಗಳಿಗೆ ನೀರು ಹಾಕಲಿಲ್ಲ. ಪಕ್ಕದ ಓಣಿಯ ಹೆಂಗಸನ್ನು ಕರೆಸಿದಳು. ಅಕ್ಕ ಅತ್ತಳು.

"ಊರ ಹೆಣ್ಮಕ್ಕಳಿಗೆಲ್ಲ ನಿನ್ನ ಕೈ ಬೇಕಿತ್ತು. ನನ್ನ ಪಾಳಿ ಬಂದಾಗ ಕೈ ಇಲ್ಲೇನು ನಿನಗ?"

"ಇಲ್ಲ ಅಂತ ತಿಳ್ಕೋ" ಅಂದಳು ಅವ್ವ. ಒಲೆಯ ಮುಂದೆ ಹೋಗಿ ಕೂತಳು.

ನನಗೆ ಸಿಟ್ಟು ಬರುತ್ತಿತ್ತು. ಉಸಿರು ಕಳೆದುಕೊಂಡವನು ನಾನು, ಇವಳದೇನು ಅನ್ನಿಸುತ್ತಿತ್ತು. ಒಮ್ಮೆ ಅಂದೆ ಕೂಡ. "ನರಕ್ಕ ಪೆಟ್ಟು ಬಿದ್ದದ್ದು ಆಪರೇಷನ್ನಾಗ. ನೀ ಕಟ್ಟಿದ್ದು ಆಮ್ಯಾಲೆ. ಡಾಕ್ಟ್ರು ಎಷ್ಟು ಸಲ ಹೇಳ್ಯಾರ?" ಅವಳು ಕೇಳಿಸಿಕೊಳ್ಳುತ್ತಿದ್ದಳು, ನಂಬುತ್ತಿರಲಿಲ್ಲ. ವರ್ಷದೊಳಗೆ ಸರಿಹೋಗಬಹುದು ಅಂದಿದ್ದರಲ್ಲ, ಆ ಒಂದು ಮಾತಿಗೆ ನಾವಿಬ್ಬರೂ ಜೋತುಬಿದ್ದಿದ್ದೆವು. ಎಡಗಡೆ ಮತ್ತೆ ಆಡಿದರೆ ನಾನು ಮಲಗಬಹುದು, ಕಬ್ಬಿಣ ಎತ್ತಬಹುದು. ಎಡಗಡೆ ಮತ್ತೆ ಆಡಿದರೆ ಅವ್ವ ಏನನ್ನೂ ಕೊಂದಿಲ್ಲ ಅಂತಾಗುತ್ತದೆ.

ಇಮಾಮಣ್ಣ ನನ್ನನ್ನು ಮತ್ತೆ ಕೆಲಸಕ್ಕೆ ಕರೆದ. ವೆಲ್ಡಿಂಗ್ ಹೊಗೆ ಆಗುವುದಿಲ್ಲ, ಭಾರ ಆಗುವುದಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದ.

"ಇಲ್ಲಿ ಕುಂತು ಅಳತಿ ಗುರುತು ಹಾಕು. ಈ ಹುಡುಗ್ರು ಅಳತಿ ಹಾಕಿದ ಟ್ರೇಲರ್ ಎಡಕ್ಕ ಹೊಂಟ್ರ ಬಲಕ್ಕ ಹೋಗ್ತೈತಿ."

"ನನ್ನ ಉಸಿರೂ ಹಂಗ ಆಗೇತಣ್ಣಾ."

"ಅದಕ್ಕ ನಿನಗ ಗೊತ್ತಾಕ್ಕೈತಿ, ಕುಂದ್ರಲೇ" ಅಂದ. ಇಂಥವನೊಬ್ಬ ನಿಮಗೂ ಸಿಗಲಿ.

ವರ್ಷ ತುಂಬಿದ ಮೇಲೆ ಹುಬ್ಬಳ್ಳಿಗೆ ಹೋದೆವು, ನಾನು ಮತ್ತು ಅವ್ವ. ಹೊರಗಿನ ಕುರ್ಚಿಗಳಲ್ಲಿ ಎದೆಗೆ ದಿಂಬು ಅವುಚಿಕೊಂಡ ಹೊಸಬರು ಕೂತಿದ್ದರು. ನನ್ನನ್ನು ಒಂದು ಮಷಿನ್ ಮುಂದೆ ನಿಲ್ಲಿಸಿದರು. ಉಸಿರಾಡುವುದು ಅದರ ಟಿವಿಯಲ್ಲಿ ಹಾಗೇ ಕಾಣುತ್ತದೆ. ಮೂಗಿನಿಂದ ಜೋರಾಗಿ ಎಳೆ ಅಂದರು. ಎಳೆದೆ. ಬಲಗಡೆಯ ಸ್ನಾಯು ಇಳಿಯಬೇಕಾದ ಹಾಗೆ ಕೆಳಗೆ ಇಳಿಯಿತು. ಎಡಗಡೆ ಇಳಿಯಲಿಲ್ಲ. ಇಳಿಯುವುದು ಬಿಟ್ಟು ಸ್ವಲ್ಪ ಮೇಲಕ್ಕೆ ಹೋಯಿತು. ಇನ್ನೊಮ್ಮೆ ಅಂದರು. ಇನ್ನೊಮ್ಮೆಯೂ ಅಷ್ಟೇ. ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ಇನ್ನು ಅದು ಬರೋದು ಕಷ್ಟ" ಅಂದರು ಡಾಕ್ಟರು. "ಬಹಳ ತ್ರಾಸಾದ್ರೆ ಕೆಳಗೆ ಎಳೆದು ಹೊಲಿಯೋ ಆಪರೇಷನ್ ಇದೆ. ಈಗ ಬೇಡ. ಇದ್ದದ್ದರಲ್ಲಿ ನಡೆಸ್ತಿದ್ದೀಯ, ನಡೆಸು."

ಅವ್ವ ಎದ್ದು ನಿಂತಳು. "ಸಾಹೇಬ್ರ, ನಾ ಕಟ್ಟಿದ್ದಕ್ಕ ಹಿಂಗ ಆತೇನ್ರಿ? ಖರೇ ಹೇಳ್ರಿ."

"ಇಲ್ಲಮ್ಮಾ. ಕಟ್ಟಿದ್ದಕ್ಕೆ ಕಫ ನಿಂತು ಜ್ವರ ಬಂತು, ಅದು ವಾಸಿಯಾಯ್ತು. ಈ ನರ ಆಪರೇಷನ್ ದಿನಾನೇ ಹೋಗಿತ್ತು. ನೀವು ಕಟ್ಟದಿದ್ರೂ ಇಷ್ಟೇ."

ಬಸ್ಸಿನಲ್ಲಿ ಅವಳು ಟಿಕೆಟ್ ಮಡಚಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ, "ಡಾಕ್ಟ್ರು ಚಲೋ ಮನುಷ್ಯಾ. ನನ್ನ ಮಾರಿ ನೋಡಿ ಹಂಗಂದ್ರು" ಅಂದಳು. ನಾನು ಕಿಟಕಿಯ ಕಡೆ ತಿರುಗಿದೆ. ಅವಳನ್ನು ಸಮಾಧಾನ ಮಾಡಲು ನನ್ನಲ್ಲಿ ದಮ್ಮಿರಲಿಲ್ಲ. ನನಗೇ ಅಳು ಬರುತ್ತಿತ್ತು, ಅಳುವುದಕ್ಕೂ ಉಸಿರು ಬೇಕು.

ಇಂಥದ್ದು ಆದವರಿಗೆ ನಾನು ಹೇಳುವುದು ಇಷ್ಟೇ. ಎಲ್ಲರದ್ದೂ ನನ್ನ ಹಾಗೆ ಆಗುವುದಿಲ್ಲ, ಬಹಳ ಜನರದ್ದು ಬರುತ್ತದಂತೆ. ಬರದಿದ್ದರೂ ಬದುಕಬಹುದು. ಕೂತು ಮಲಗುವುದು ರೂಢಿಯಾಗುತ್ತದೆ. ತುಟಿ, ಉಗುರು ನೀಲಿಯಾದರೆ, ಹಗಲು ಮಂಪರು ಬಂದರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮತ್ತೆ, ನಿಮ್ಮನ್ನು ನೋಡಿಕೊಂಡವರ ಕಡೆಯೂ ಒಮ್ಮೆ ನೋಡಿ. ರೋಗಿಗೆ ಎಲ್ಲರೂ ಹೇಗಿದ್ದೀಯ ಅಂತ ಕೇಳುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ಹುಬ್ಬಳ್ಳಿಯಿಂದ ಬಂದ ಮರುದಿನ ಮಧ್ಯಾಹ್ನ. ಅಕ್ಕ ಕೂಸು ಎತ್ತಿಕೊಂಡು ಅರಸೀಕೆರೆಗೆ ಹೋಗಿ ಬಹಳ ದಿನವಾಗಿತ್ತು. ನಾನು ಗೋಡೆಗೆ ಒರಗಿ, ನನ್ನ ಕೈಯನ್ನೇ ಹೊಟ್ಟೆಯ ಮೇಲಿಟ್ಟುಕೊಂಡು ಉಸಿರೆಳೆಯುತ್ತಿದ್ದೆ. ಇನ್ನು ಯಾಕೆ ಅಂತ ಗೊತ್ತಿಲ್ಲ, ರೂಢಿ. ಅವ್ವ ಪಾತ್ರೆ ತೊಳೆದು ಬಂದು ಬಾಗಿಲಲ್ಲಿ ನಿಂತಳು. ಕೈ ಒರೆಸಿಕೊಂಡಳು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. ಬಂದು ನನ್ನೆದುರು ಕೂತಳು.

"ಕೈ ತಗಿ" ಅಂದಳು.

ತೆಗೆದೆ. ಅವಳು ಎರಡೂ ಕೈಯನ್ನು ನನ್ನ ಪಕ್ಕೆಲುಬಿನ ಕೆಳಗೆ, ಆ ಕಡೆ ಒಂದು ಈ ಕಡೆ ಒಂದು ಇಟ್ಟಳು. ಒತ್ತಲಿಲ್ಲ. ಕೂಸಿನ ನೆತ್ತಿ ಮುಟ್ಟುವ ಹಾಗೆ ಇಟ್ಟಿದ್ದಳು. ತಣ್ಣಗಿತ್ತು ಕೈ.

"ಎಳಿ."

ಎಳೆದೆ. ಬಲಗಡೆಯ ಕೈ ಮೇಲೆದ್ದಿತು. ಎಡಗಡೆಯದು ಏಳಲಿಲ್ಲ.

"ಇನ್ನೊಮ್ಮೆ ಎಳಿ."

ಎಳೆದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಎಷ್ಟು ಹೊಟ್ಟೆ ಮುಟ್ಟಿದ ಕೈಯೋ ಅದು. ಸುಳ್ಳು ಹೇಳಿ ಅದನ್ನು ನಂಬಿಸಲು ಆಗುವುದಿಲ್ಲ.

"ಈ ಕಡಿ ಬರವಲ್ದಲ್ಲೋ, ಕೊಟ್ರಾ."

"ಬರಂಗಿಲ್ಲ ಬೇ."

"ಒಂಚೂರೂ?"

"ಒಂಚೂರೂ ಇಲ್ಲ."

ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಬೇಕೆಂದರೆ ಕೈ ತೆಗೆಯಬೇಕಿತ್ತು. ತೆಗೆಯಲಿಲ್ಲ. ಏಳದ ಕಡೆಯ ಕೈಯನ್ನೂ ತೆಗೆಯಲಿಲ್ಲ.

"ಎಳಿ" ಅಂದಳು.